ಬುತ್ತಿ ಕಟ್ಟಿಕೊಂಡು ಹೊರಡೋಣ

ಕಳೆದ ಡಿಸೆಂಬರಿನ ಶೈಕ್ಷಣಿಕ ಪ್ರವಾಸದ ಪಟ್ಟಿ ನಿಮಗೆ ನೆನಪಿರಬಹುದು. ಬಾದಾಮಿ, ಐಹೊಳೆ, ವಿಜಯಪುರ, ಮೂರು ದಿನ. ದ್ವಿತೀಯ ಪಿಯುಸಿಯ ಮೂವರು ಹೆಸರು ಕೊಟ್ಟು, ಮರುವಾರ ಬಂದು ತೆಗೆಸಿಕೊಂಡರು. ಕಾರಣ ಕೇಳಿದೆ. “ಊಟ, ನಮಾಜ್ ಎಲ್ಲ ತೊಂದರೆ ಆಗುತ್ತದೆ ಸರ್” ಎಂದರು. ನನಗೆ ನಗುವೂ ಬಂತು, ಬೇಸರವೂ ಆಯಿತು. ನಾವು ಹೊರಟಿದ್ದು ವಿಜಯಪುರಕ್ಕೆ. ಅಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲೇ ಜಾಮಿಯಾ ಮಸೀದಿ ಇದೆ! ಆಮೇಲೆ ಅವರಲ್ಲೊಬ್ಬ ಸ್ಟಾಫ್ ರೂಮಿನ ಹೊರಗೆ ನಿಂತು ನಿಜ ಹೇಳಿದ: “ಬಸ್ ನಿಲ್ಲಿಸಿ ಅಂತ ಎಲ್ಲರ ಎದುರು ಕೇಳಲಿಕ್ಕೆ ನಾಚಿಕೆ ಸರ್.”

ಆ ಮಾತು ಕೇಳಿದಾಗ ನನಗೆ ಹಲವು ವರ್ಷಗಳ ಹಿಂದಿನ ಒಬ್ಬ ಹುಡುಗ ನೆನಪಾದ. ಅವನ ಬಗ್ಗೆ ಬರೆಯಬೇಕು ಎಂದು ಅಂದೇ ಅನ್ನಿಸಿತು.

ನಾನು ಭೂಗೋಳದಲ್ಲಿ ಹೆಚ್ಚಿನ ಓದಿಗೆ ನಾರ್ವೆಯ ಟ್ರೊಮ್ಸೊ ನಗರದಲ್ಲಿದ್ದಾಗ ಖರ್ಚಿಗೆಂದು ಒಂದು ಅಗ್ಗದ ವಸತಿಗೃಹದಲ್ಲಿ ಸಂಜೆ ಕೆಲಸ ಮಾಡುತ್ತಿದ್ದೆ. ಟ್ರೊಮ್ಸೊ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ. ಅಲ್ಲಿ ಮೇ ಮೂರನೇ ವಾರದಿಂದ ಜುಲೈ ನಾಲ್ಕನೇ ವಾರದ ತನಕ ಸೂರ್ಯ ಮುಳುಗುವುದಿಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಹುಟ್ಟುವುದಿಲ್ಲ. ಒಂದು ಮಾರ್ಚ್‌ನಲ್ಲಿ ಅಲ್ಲಿಗೆ ಲಂಡನ್ನಿನಿಂದ ಒಬ್ಬ ವಿದ್ಯಾರ್ಥಿ ಒಬ್ಬನೇ ಬಂದ. ಬರುವ ಮೊದಲೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದ್ದ: ಕೋಣೆಯ ಬಾಗಿಲಿಗೆ ಎಲೆಕ್ಟ್ರಾನಿಕ್ ಕಾರ್ಡೋ, ಸಾಮಾನ್ಯ ಕೀಲಿಕೈಯೋ? ಕಾರಿಡಾರಿನ ದೀಪ ಮನುಷ್ಯ ನಡೆದಾಗ ತಾನಾಗಿ ಹತ್ತುತ್ತದೆಯೋ? ಫೋನ್ ಎತ್ತಿದ ನನಗೆ ಇವನೇನು ಕಳ್ಳನೋ ಎಂಬ ಅನುಮಾನ!

ಅವನು ಧರ್ಮನಿಷ್ಠ ಯಹೂದಿ. ಶುಕ್ರವಾರ ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲಿನಿಂದ ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವ ತನಕ ಅವರಿಗೆ ಸಬ್ಬತ್. ಆ ಹೊತ್ತಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ, ವಾಹನ ಏರುವಂತಿಲ್ಲ, ಹಣ ಮುಟ್ಟುವಂತಿಲ್ಲ. ಬೀದಿಗಿಳಿದರೆ ಜೇಬಿನಲ್ಲಿ ಏನನ್ನೂ ಒಯ್ಯುವಂತಿಲ್ಲ. ಕಾರ್ಡ್ ತಾಗಿಸಿ ತೆರೆಯುವ ಬಾಗಿಲು ಅವನಿಗೆ ಗೋಡೆಯಿದ್ದಂತೆ. ಎರಡು ಪ್ರಶ್ನೆಗಳ ಅರ್ಥ ನನಗೆ ಆಮೇಲೆ ಆಯಿತು. ಮಾಲೀಕರು ಅವನಿಗೆ ಕೆಳಗಿನ ಮಹಡಿಯಲ್ಲಿ ಕೀಲಿಕೈ ಇರುವ ಹಳೆಯ ಕೋಣೆ ಕೊಟ್ಟರು. ಆ ಕೋಣೆಯೇ ಎಲ್ಲಕ್ಕಿಂತ ಅಗ್ಗದ್ದಾಗಿತ್ತು.

ಮಾರ್ಚ್ ಏಕೆ ಎಂದು ಕೇಳಿದೆ. ಅವನ ಉತ್ತರ ಭೂಗೋಳದ ಮೇಷ್ಟ್ರಿಗೆ ಖುಷಿ ಕೊಡುವಂಥದ್ದು. ಸೂರ್ಯ ಮುಳುಗದ ಊರಲ್ಲಿ ಸಬ್ಬತ್ ಯಾವಾಗ ಶುರು? ಮೂರು ನಕ್ಷತ್ರವೇ ಕಾಣದಿದ್ದರೆ ಯಾವಾಗ ಮುಗಿಯಿತು? ಈ ಪ್ರಶ್ನೆ ಅವರಲ್ಲಿ ಹಳೆಯದು. ಮರುಭೂಮಿಯಲ್ಲಿ ದಾರಿ ತಪ್ಪಿ ವಾರದ ಲೆಕ್ಕ ಮರೆತವನು ಏನು ಮಾಡಬೇಕು ಎಂಬ ಚರ್ಚೆ ತಾಲ್ಮುದ್‌ನಲ್ಲೇ ಇದೆ: ಆರು ದಿನ ಎಣಿಸಿ ಏಳನೆಯದನ್ನು ಆಚರಿಸಲಿ ಎಂದು ಒಬ್ಬ ವಿದ್ವಾಂಸರು, ಮೊದಲು ಒಂದು ದಿನ ಆಚರಿಸಿ ಆಮೇಲೆ ಆರು ಎಣಿಸಲಿ ಎಂದು ಇನ್ನೊಬ್ಬರು. 19ನೇ ಶತಮಾನದ ರಬ್ಬಿ ಇಸ್ರೇಲ್ ಲಿಪ್ಶಿಟ್ಸ್ ದೂರದ ಉತ್ತರಕ್ಕೆ ಹೋಗುವವರು ತಾವು ಹೊರಟು ಬಂದ ಊರಿನ ಗಡಿಯಾರ ಹಿಡಿಯಲಿ ಎಂದರು. ಅಂಥ ಊರಲ್ಲಿ ಸಬ್ಬತ್ ಕಳೆಯದಿರುವುದೇ ಕ್ಷೇಮ ಎನ್ನುವವರೂ ಇದ್ದಾರೆ. ಅವನು ಈ ಜಗಳವೇ ಬೇಡ ಎಂದು ಕ್ಯಾಲೆಂಡರ್ ಹಿಡಿದು ಕೂತ. ಮಾರ್ಚ್ ಮೂರನೇ ವಾರದಲ್ಲಿ ಭೂಮಿಯ ಎಲ್ಲ ಕಡೆ ಹಗಲು ರಾತ್ರಿ ಹೆಚ್ಚು ಕಡಿಮೆ ಸಮ. ಟ್ರೊಮ್ಸೊದಲ್ಲೂ ಸೂರ್ಯ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಅರೋರಾ ಕಾಣುವಷ್ಟು ಕತ್ತಲೂ ಇರುತ್ತದೆ. ಸೆಪ್ಟೆಂಬರಿನಲ್ಲೂ ಹೀಗೇ, ಆದರೆ ಆ ಹೊತ್ತಿಗೆ ಅವರ ಹೊಸವರ್ಷ, ಉಪವಾಸದ ದಿನ, ಗುಡಾರಗಳ ಹಬ್ಬ ಸಾಲಾಗಿ ಬರುತ್ತವೆ.

ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗಿ ಇಪ್ಪತ್ತೈದು ನಿಮಿಷಕ್ಕೆ ಕತ್ತಲು ಕವಿಯುತ್ತದೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಅಷ್ಟೇ ಕತ್ತಲಾಗಲು ಒಂದು ಗಂಟೆಗೂ ಹೆಚ್ಚು ಬೇಕು. ಶನಿವಾರ ಸಂಜೆ ಅವನು ಕಿಟಕಿಯ ಬಳಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಕ್ಷತ್ರಕ್ಕಾಗಿ ಕಾದ. ರಂಜಾನ್ ತಿಂಗಳಲ್ಲಿ ಮಗ್ರಿಬ್ ಬಾಂಗಿಗೆ ಖರ್ಜೂರ ಹಿಡಿದು ಕೂತವರಿಗೆ ಆ ಮುಖ ಪರಿಚಯದ್ದೇ.

ಖರ್ಚಿನ ವಿಷಯಕ್ಕೆ ಬರೋಣ. ಅವನ ಬಳಿ ಹಣ ಕಡಿಮೆ ಇತ್ತು. ಸ್ಟಾಕ್‌ಹೋಮ್‌ನಿಂದ ನಾರ್ವಿಕ್‌ಗೆ ರಾತ್ರಿ ರೈಲು, ಅಲ್ಲಿಂದ ಬಸ್ಸು. ಏಕೆಂದರೆ ಟ್ರೊಮ್ಸೊಗೆ ರೈಲೇ ಇಲ್ಲ. ರೈಲು ತಡವಾದರೆ ಸಬ್ಬತ್ ದಾರಿಯಲ್ಲೇ ಹಿಡಿದೀತು ಎಂದು ಮಂಗಳವಾರವೇ ಹೊರಟಿದ್ದ; ಶುಕ್ರವಾರಕ್ಕೆ ಯಾವ ಪ್ರಯಾಣವನ್ನೂ ಇಟ್ಟುಕೊಂಡಿರಲಿಲ್ಲ. ಚೀಲದಲ್ಲಿ ಒಂದು ಪಾತ್ರೆ, ಒಂದು ಚಾಕು, ಒಂದು ಚಮಚ, ಓಟ್ಸ್, ಅಕ್ಕಿ, ಬೇಳೆ, ಬೂತಾಯಿ ಮೀನಿನ ಡಬ್ಬ. ಬೇರೆಯವರ ಪಾತ್ರೆಯಲ್ಲಿ ಬೇಯಿಸುವಂತಿಲ್ಲವಾದ್ದರಿಂದ ಸ್ವಂತದ್ದು. ಓವನ್ ಬಳಸಬೇಕಾದರೆ ಎರಡು ಪದರ ಫಾಯಿಲ್ ಸುತ್ತುತ್ತಿದ್ದ. ಮಾಂಸ ಇಡೀ ವಾರ ಇಲ್ಲ. ಪ್ರಜ್ಞೆ ತಪ್ಪಿಸದೆ ಪ್ರಾಣಿ ಕೊಯ್ಯುವುದನ್ನು ನಾರ್ವೆ 1929ರ ಕಾನೂನಿನಲ್ಲೇ ನಿಷೇಧಿಸಿದೆ, ಕೋಷರ್ ಮಾಂಸವೆಂದರೆ ಹೊರದೇಶದಿಂದ ಬರಬೇಕು. ಹಿಮಸಾರಂಗ ಅವರಿಗೆ ತಿನ್ನಬಹುದಾದ ಪ್ರಾಣಿಯೇ, ಗೊರಸು ಸೀಳಿದೆ, ಮೆಲುಕು ಹಾಕುತ್ತದೆ. ಆದರೆ ಅವರ ವಿಧಿಯಂತೆ ಕೊಯ್ದದ್ದಲ್ಲ. ಮೀನಾದರೆ ರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಚಳಿಗಾಲದ ಕಾಡ್ ಮೀನನ್ನು ಚರ್ಮ ಸಮೇತ ಕೊಂಡು ಹುರುಪೆ ನೋಡಿ ಬೇಯಿಸುತ್ತಿದ್ದ. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್ ಎಲ್ಲ ನಿಷಿದ್ಧ ಎಂದಾಗ ಕರಾವಳಿಯವನಾದ ನಾನು ನಿಜಕ್ಕೂ ಮರುಗಿದೆ.

ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಬ್ರೆಡ್ ಪ್ಯಾಕೆಟ್ಟಿನ ಹಿಂಬದಿಯ ಸಣ್ಣ ಅಕ್ಷರ ಓದುತ್ತ ನಿಂತದ್ದುಂಟು. ಜೆಲಾಟಿನ್ ಯಾವುದರದ್ದು? ಇ471 ಪ್ರಾಣಿಯ ಕೊಬ್ಬಿನದ್ದೋ, ಗಿಡದ ಎಣ್ಣೆಯದ್ದೋ? ಅವನ ಪ್ರಶ್ನೆಯೇ ನನ್ನ ಪ್ರಶ್ನೆ.

ಇನ್ನೊಂದು ಸಂಗತಿ ಇದೆ. ಟ್ರೊಮ್ಸೊದಿಂದ ಮೆಕ್ಕಾದ ದಿಕ್ಕು ದಕ್ಷಿಣಕ್ಕೆ ಸ್ವಲ್ಪ ಪೂರ್ವ. ಅವನು ಪ್ರಾರ್ಥನೆಗೆ ಮುಖ ಮಾಡುವ ಜೆರುಸಲೇಮಿನ ದಿಕ್ಕೂ ಅದೇ. ನಾನು ಲೆಕ್ಕ ಹಾಕಿ ನೋಡಿದೆ, ಎರಡಕ್ಕೂ ಇರುವ ವ್ಯತ್ಯಾಸ ಮೂರ್ನಾಲ್ಕು ಡಿಗ್ರಿ ಮಾತ್ರ. ಅಡುಗೆಮನೆಯ ಪಕ್ಕದ ಖಾಲಿ ಕೋಣೆಯಲ್ಲಿ ಇಬ್ಬರೂ ಒಂದೇ ಕಿಟಕಿಯ ಕಡೆ ಮುಖ ಮಾಡುತ್ತಿದ್ದೆವು, ಸರದಿಯಲ್ಲಿ.

ಆ ಶುಕ್ರವಾರ ರಾತ್ರಿ ಅರೋರಾ ಬಂತು. ಹಸಿರು ಬೆಳಕು ಫಿಯೋರ್ಡಿನ ಮೇಲೆ ಸೀರೆಯ ಸೆರಗಿನಂತೆ ಆಡತೊಡಗಿತು. ಎಲ್ಲರೂ ಫೋನ್ ಹಿಡಿದು ಹೊರಗೆ ಓಡಿದರು. ನಾನು ಬಾಗಿಲು ತೆರೆದು ಹೊರಟಾಗ ಅವನೂ ಬಂದ. ಖಾಲಿ ಜೇಬಿನಲ್ಲಿ ಕೈ ಇಟ್ಟು ಅರ್ಧ ಗಂಟೆ ತಲೆ ಎತ್ತಿ ನಿಂತಿದ್ದ. ಆ ಚಳಿಯಲ್ಲಿ ನಾನು ಫೋಟೋ ತೆಗೆಯಲು ಕೈಗವಸು ತೆಗೆದು, ಹಾಕಿ, ಮತ್ತೆ ತೆಗೆದು ಒದ್ದಾಡಿದೆ. ಫೋಟೋಗಳು ಹಳೆಯ ಫೋನಿನ ಜೊತೆ ಹೋದವು. ಆ ರಾತ್ರಿಯನ್ನು ನನಗಿಂತ ಹೆಚ್ಚು ನೋಡಿದವನು ಅವನೇ ಎಂದು ಈಗ ಅನ್ನಿಸುತ್ತದೆ. ಹಾಗೆಂದು ಅವನಿಗೆ ಏನೂ ನಷ್ಟವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಶನಿವಾರದ ದೋಣಿ ಪ್ರವಾಸ ತಪ್ಪಿತು. ಹೋಟೆಲಿನ ಬಿಸಿಯೂಟ ಒಂದೂ ಇಲ್ಲ. ಶನಿವಾರ ಮಧ್ಯಾಹ್ನ ತಣ್ಣನೆಯ ಅನ್ನ ಮತ್ತು ಮೀನು ತಿಂದ. ಹತ್ತು ಜನ ಗಂಡಸರು ಸೇರಿದರೆ ಮಾತ್ರ ಹೇಳಬಹುದಾದ ಪ್ರಾರ್ಥನೆಗಳನ್ನು ಬಿಡಬೇಕಾಯಿತು. ಅದರ ಬಗ್ಗೆ ಮಾತ್ರ ಅವನಿಗೆ ಬೇಸರವಿತ್ತು.

ಅವನು ಬಂದದ್ದು ಎಂಥ ದೇಶಕ್ಕೆ ಎಂಬುದನ್ನೂ ಹೇಳಬೇಕು. ನಾರ್ವೆಯ 1814ರ ಸಂವಿಧಾನ ಯಹೂದಿಗಳು ದೇಶದೊಳಗೆ ಕಾಲಿಡುವುದನ್ನೇ ನಿಷೇಧಿಸಿತ್ತು. ಹೆನ್ರಿಕ್ ವೆರ್ಗೆಲಾಂಡ್ ಎಂಬ ಕವಿ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ. ನಿಷೇಧ ತೆಗೆದದ್ದು 1851ರಲ್ಲಿ. ಅಷ್ಟರಲ್ಲಿ ಅವನು ತೀರಿಹೋಗಿ ಆರು ವರ್ಷವಾಗಿತ್ತು. ನಂತರ ಎರಡನೇ ಮಹಾಯುದ್ಧದಲ್ಲಿ ಆ ದೇಶದಿಂದ ಏಳುನೂರಕ್ಕೂ ಹೆಚ್ಚು ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ಟ್ರೊಮ್ಸೊದ ಸಣ್ಣ ಸಮುದಾಯವೂ ಅದರಲ್ಲಿ ಅಳಿಯಿತು. ಅವರ ನೆನಪಿನ ಕಲ್ಲು ಊರಿನಲ್ಲಿದೆ. ಅವನು ಗುರುವಾರ ಅಲ್ಲಿಗೆ ಹೋಗಿ ಬಂದ. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಕಥೆ ಹೇಳಿದಾಗ ನನ್ನ ಗೆಳೆಯರೊಬ್ಬರು “ಉದಾಹರಣೆಗೆ ಯಹೂದಿಯೇ ಬೇಕಿತ್ತೇ?” ಎಂದರು. ಅವರ ಮನಸ್ಸಿನಲ್ಲಿ ಪ್ಯಾಲೆಸ್ತೀನ್ ಇತ್ತು. ಆ ನೋವು ನನಗೂ ಇದೆ. ಆದರೆ ಒಂದು ಸರ್ಕಾರ ಮಾಡಿದ್ದಕ್ಕೆ ಅಡುಗೆಮನೆಯಲ್ಲಿ ಮೀನಿನ ಡಬ್ಬ ಬಿಚ್ಚುತ್ತಿರುವ ಹುಡುಗನಲ್ಲಿ ಉತ್ತರ ಕೇಳುವುದು ನ್ಯಾಯವಲ್ಲ. ಎಲ್ಲೋ ಯಾರೋ ಮಾಡಿದ್ದಕ್ಕೆ ಬಸ್ಸಿನಲ್ಲಿ ಪಕ್ಕದವರು ನಮ್ಮನ್ನು ನೋಡುವ ನೋಟ ನಮಗೆ ಗೊತ್ತಿದೆಯಲ್ಲ? ಗೊತ್ತಿದ್ದೂ ನಾವು ಅದನ್ನೇ ಮಾಡಬಾರದು.

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ದೀನ್ ಪ್ರಯಾಣಿಕನಿಗೆ ರಿಯಾಯಿತಿ ಕೊಟ್ಟಿದೆ. ನಾಲ್ಕು ರಕಅತ್ ಎರಡಾಗುತ್ತದೆ. ಲುಹರ್ ಮತ್ತು ಅಸರ್, ಮಗ್ರಿಬ್ ಮತ್ತು ಇಶಾ ಸೇರಿಸಿ ಮಾಡಬಹುದು. ರಂಜಾನಿನ ಉಪವಾಸವನ್ನು ಊರಿಗೆ ಮರಳಿದ ಮೇಲೆ ತೀರಿಸಬಹುದು. ಸೂರ್ಯ ಮುಳುಗದ ಟ್ರೊಮ್ಸೊದಲ್ಲೂ ಮುಸ್ಲಿಮರು ಸೋತು ಕೂತಿಲ್ಲ, ಮೆಕ್ಕಾದ ವೇಳಾಪಟ್ಟಿ ಹಿಡಿದು ರಂಜಾನ್ ಆಚರಿಸುತ್ತಾರೆ. ಅವನ ಸಬ್ಬತ್‌ಗೆ ಇಂಥ ರಿಯಾಯಿತಿ ಇಲ್ಲ, ಪ್ರಯಾಣದಲ್ಲಿ ಅದು ಇನ್ನಷ್ಟು ಕಷ್ಟ. ರಿಯಾಯಿತಿ ಇಲ್ಲದವನು ಧ್ರುವದ ಹತ್ತಿರಕ್ಕೆ ಹೋಗಿ ಬಂದ. ಇರುವ ನಾವು ವಿಜಯಪುರಕ್ಕೆ ಹೆಸರು ಕೊಟ್ಟು ತೆಗೆಸಿಕೊಳ್ಳುತ್ತೇವೆ. ನಮ್ಮನ್ನು ತಡೆಯುವುದು ಧರ್ಮವಲ್ಲ, ಕೇಳಲು ಇರುವ ಸಂಕೋಚ. ಆ ಸಂಕೋಚಕ್ಕೆ ಧರ್ಮದ ಹೆಸರು ಇಡಬೇಡಿ.

ಅವನು ಯಾರ ಎದುರೂ ಭಾಷಣ ಮಾಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಎರಡು ಪ್ರಶ್ನೆ ಮೊದಲೇ ಕೇಳಿದ, ಬುತ್ತಿ ತಾನೇ ಕಟ್ಟಿಕೊಂಡ, ಯಾವುದನ್ನು ಬಿಡಬೇಕೋ ಅದನ್ನು ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದ. ಇದಿಷ್ಟೇ. ಪ್ರವಾಸವಿರಲಿ, ಬೇರೆ ಊರಿನ ವಿಜ್ಞಾನ ಶಿಬಿರವಿರಲಿ, ನಾಳೆ ದೂರದ ಕಾಲೇಜಿನ ಸೀಟಿರಲಿ, ನಿಮಗೂ ಇಷ್ಟೇ ಸಾಕು. ಒಬ್ಬಂಟಿ ಪ್ರಯಾಣದ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಸುರಕ್ಷೆಯ, ಮನೆಯವರ ಒಪ್ಪಿಗೆಯ ಪ್ರಶ್ನೆಗಳಿವೆ, ಅವನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಉಪನ್ಯಾಸಕಿಯರ ಜೊತೆ ಹೋಗುವ ಕಾಲೇಜು ಪ್ರವಾಸಕ್ಕೂ ಅದೇ ಕಾರಣ ಹೇಳುವಾಗ ಒಮ್ಮೆ ಯೋಚಿಸಿ.

ಸಹೋದ್ಯೋಗಿಗಳಿಗೂ ಒಂದು ಮಾತು, ಇದು ನನಗೂ ಸೇರಿದ್ದು. ಬಸ್ ಎಲ್ಲಿ ನಿಲ್ಲುತ್ತದೆ, ಊಟ ಎಲ್ಲಿ, ನಮಾಜಿಗೆ ಜಾಗ ಎಲ್ಲಿ ಎಂಬುದನ್ನು ನೋಟಿಸಿನಲ್ಲೇ ಬರೆದಿದ್ದರೆ ಆ ಮೂವರು ಕೇಳಬೇಕಾಗಿಯೇ ಇರಲಿಲ್ಲ. ಇನ್ನೂ ಒಂದಿದೆ. ನಮ್ಮ ಕಾಲೇಜಿನಲ್ಲಿ ಮುಸ್ಲಿಮರಲ್ಲದ ಮಕ್ಕಳೂ ಓದುತ್ತಾರೆ. ಪ್ರವಾಸದ ಎರಡನೇ ರಾತ್ರಿ ಎಲ್ಲರೂ ಬಿರಿಯಾನಿ ತಿನ್ನುವಾಗ ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಒಬ್ಬಳು ವಿದ್ಯಾರ್ಥಿನಿ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ಊಟ ಮುಗಿಸಿದಳು. “ಅಭ್ಯಾಸ ಇದೆ ಸರ್” ಎಂದಳು. ನಾನು ಮೊದಲೇ ಕೇಳಿರಲಿಲ್ಲ. ನಮ್ಮ ಮಕ್ಕಳಿಗೆ ಹೊರಗೆ ಏನು ಸಿಗಬೇಕೆಂದು ಬಯಸುತ್ತೇವೋ ಅದನ್ನು ನಮ್ಮ ಬಸ್ಸಿನಲ್ಲಿ ಅವಳಿಗೆ ಕೊಡಲಿಲ್ಲ.

ಮುಂದಿನ ಪ್ರವಾಸದ ಫಾರಂನಲ್ಲಿ ಎರಡು ಸಾಲು ಹೆಚ್ಚಿಗೆ ಇರಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡಿದ್ದೇನೆ: ನೀವು ಏನು ತಿನ್ನುವುದಿಲ್ಲ? ಯಾವ ಹೊತ್ತಿಗೆ ನಿಮಗೆ ಬಿಡುವು ಬೇಕು? ಎಲ್ಲರೂ ತುಂಬುವ ಸಾಲಾದ್ದರಿಂದ ಅಲ್ಲಿ ನಾಚಿಕೆಗೆ ಜಾಗವಿಲ್ಲ. ಆ ಮೂವರಲ್ಲಿ ಇಬ್ಬರು ಈ ವರ್ಷ ಕಾಲೇಜು ಬಿಟ್ಟು ಹೋಗುತ್ತಿದ್ದಾರೆ, ಅವರಿಗೆ ಗೋಳಗುಮ್ಮಟ ತೋರಿಸುವ ಅವಕಾಶ ನನಗೆ ಇನ್ನಿಲ್ಲ. ಉಳಿದವರು ಹೆಸರು ಬರೆಯಿರಿ. ಬರೆದ ಮೇಲೆ ತೆಗೆಸಬೇಡಿ.