ಬಯೋಡೇಟಾಗೆ ಒಂದು ಹಾಳೆ ಸಾಕು

ತಾಲ್ಲೂಕಿನ ಝೆರಾಕ್ಸ್ ಅಂಗಡಿಗಳಲ್ಲಿ ಮಾಡಿಕೊಡುವ ಬಯೋಡೇಟಾ ಹೆಚ್ಚಾಗಿ ಒಂದೇ ಅಚ್ಚಿನದು. ತಂದೆ ಹೆಸರು, ಧರ್ಮ, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ, ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ. ಮೂರು ಹಾಳೆ ತುಂಬುತ್ತದೆ. ಆದರೆ ಹುಡುಗನಿಗೆ ಯಾವ ಕೆಲಸ ಬರುತ್ತದೆ ಎನ್ನುವುದೇ ಅದರಲ್ಲಿ ಸಿಗುವುದಿಲ್ಲ.

ಉದ್ಯೋಗ ಮೇಳದಲ್ಲಿ ಕಂಪನಿಯವರ ಮೇಜಿನ ಮೇಲೆ ಇಂಥ ಹಾಳೆಗಳ ರಾಶಿಯೇ ಇರುತ್ತದೆ. ಮೂರೂ ಹಾಳೆ ತಿರುವಿ ಓದುವ ಪುರುಸೊತ್ತು ಅವರಿಗಿಲ್ಲ. ನನ್ನ ಪ್ರಕಾರ ಹೊಸದಾಗಿ ಕೆಲಸ ಹುಡುಕುವವರಿಗೆ ಒಂದು ಹಾಳೆ ಸಾಕು. ಹತ್ತು ವರ್ಷ ದುಡಿದವರಿಗೆ ಎರಡು. ಅದಕ್ಕಿಂತ ಉದ್ದದ್ದು ಕಾಲೇಜು ಮೇಷ್ಟ್ರುಗಳಿಗೆ, ಸಂಶೋಧನೆ ಮಾಡಿದವರಿಗೆ ಇರಲಿ.

ಹಾಗಂತ ಮಾಡಿದ ಕೆಲಸವನ್ನೇ ಬಿಡಬೇಡಿ. ನಮ್ಮ ಹಳ್ಳಿ ಹುಡುಗ ಹುಡುಗಿಯರು ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಲೆಕ್ಕ ಬರೆದಿರುತ್ತಾರೆ, ಮೋಟಾರು ರಿವೈಂಡಿಂಗ್ ಕಲಿತಿರುತ್ತಾರೆ. ‘ಅದೂ ಒಂದು ಕೆಲಸವೇ’ ಎಂದು ಬರೆಯುವುದೇ ಇಲ್ಲ. ಹವ್ಯಾಸ ತೆಗೆದು ಆ ಜಾಗದಲ್ಲಿ ಇದನ್ನು ಬರೆಯಿರಿ: ಎಲ್ಲಿ, ಎಷ್ಟು ತಿಂಗಳು, ಯಾವ ಯಂತ್ರ. ಐಟಿಐ ಆದವರು ಟ್ರೇಡ್, ಅಪ್ರೆಂಟಿಸ್‌ಶಿಪ್ ವಿವರ ಮೇಲೆಯೇ ಹಾಕಿ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಖಂಡಿತ ಬೇಡ. ಆ ಹಾಳೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಕೆಲಸ ಖಾತ್ರಿಯಾದ ಮೇಲೆ ಕೊಟ್ಟರಾಯಿತು. ಜಾತಿಯೂ ಬೇಡ. ಸರ್ಕಾರಿ ಹುದ್ದೆಯ ಮೀಸಲಾತಿಗೆ ಕೇಳುವುದು ಪ್ರಮಾಣಪತ್ರವನ್ನು, ಬಯೋಡೇಟಾವನ್ನಲ್ಲ.

ಪ್ರಿಂಟ್ ಹಾಕಿಸುವ ಮೊದಲು ಪಿಡಿಎಫ್ ಅನ್ನು ನಿಮ್ಮ ಮೊಬೈಲಿಗೇ ಕಳಿಸಿಕೊಂಡು ಓದಿ. ಫೋನ್ ನಂಬರ್ ಸರಿ ಇದೆಯೇ ಎಂದು ಇನ್ನೊಮ್ಮೆ ನೋಡಿ.