ಅಂಗವೈಕಲ್ಯ ಪಿಂಚಣಿಯ ನಿರಾಕರಣೆ: ಮೇಲ್ಮನವಿ ಹೂಡಬೇಕೇ?

ಮಳೆಯನ್ನೇ ನಂಬಿದ ಶಿರಹಟ್ಟಿಯ ಸೀಮೆಯಿಂದ ತರುಣನೊಬ್ಬನು ಸೈನ್ಯಕ್ಕೆ ಸೇರುವದೆಂದರೆ, ದೇಶಸೇವೆಯ ಅಭಿಮಾನದೊಡನೆ, ಮನೆಗೆ ತಿಂಗಳು ತಿಂಗಳಿಗೆ ಬರುವ ನಿಶ್ಚಿತ ದ್ರವ್ಯದ ಭರವಸೆಯೂ ಆಗಿರುವದು. ಅಂಥವನು ರೋಗಗ್ರಸ್ತನಾಗಿಯೋ ಅಂಗ ಊನಗೊಂಡೋ ಅವಧಿಗೆ ಮುನ್ನವೇ ಬಿಡುಗಡೆ ಹೊಂದಿ ಊರಿಗೆ ಮರಳಿದ ಮೇಲೆ, ಅವನ ವ್ಯಾಧಿಯು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬ ಮೆಡಿಕಲ್ ಬೋರ್ಡಿನ ಅಭಿಪ್ರಾಯವನ್ನು ಆಧರಿಸಿ ಅಂಗವೈಕಲ್ಯ ಪಿಂಚಣಿಯನ್ನು ನಿರಾಕರಿಸಿದ ಪತ್ರ ಬಂದರೆ, ಮನೆಮಂದಿ ಕೂಡಿ ನಿರ್ಣಯಿಸಬೇಕಾದ ಪ್ರಶ್ನೆ ಇದು: ಮೇಲಕ್ಕೆ ಹೋಗಬೇಕೋ, ಇಲ್ಲಿಗೇ ಬಿಡಬೇಕೋ?

ಪರ

ಮೊದಲು ಹೇಳಬೇಕಾದದ್ದೆಂದರೆ, ಈ ಪಿಂಚಣಿಯು ದಯಾಭಿಕ್ಷೆಯಲ್ಲ. ಹದಿನೈದು ವರ್ಷಗಳ ಸೇವೆಯನ್ನು ಪೂರೈಸದ ಸಿಪಾಯಿಗೆ ಸಾಮಾನ್ಯ ಸೇವಾ ಪಿಂಚಣಿಯ ಹಕ್ಕಿಲ್ಲವಾದ್ದರಿಂದ, ನಡುವೆಯೇ ದೇಹ ಕೈಕೊಟ್ಟವನಿಗೆ ಇದು ಬಹುಶಃ ಜೀವಮಾನದ ಆಧಾರವೇ ಸರಿ. ಊನವು ಶೇಕಡಾ 20ಕ್ಕೆ ಕಡಿಮೆಯಿರಬಾರದು, ಅದಕ್ಕೆ ಸೇವೆಯ ಸಂಬಂಧವಿರಬೇಕು ಎಂಬಿವೆರಡೂ ನಿಯಮದ ಮುಖ್ಯ ನಿಬಂಧನೆಗಳು. ಬಹುತೇಕ ವ್ಯಾಜ್ಯಗಳು ಹುಟ್ಟುವದು ಎರಡನೆಯದರಲ್ಲಿ.

ಈ ಎರಡನೆಯದರ ವಿಷಯದಲ್ಲಿ ಸುಪ್ರೀಂ ಕೋರ್ಟು 2013ರ ಜುಲೈಯಲ್ಲಿ ಧರಮವೀರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಪ್ರತಿಯೊಬ್ಬ ಮಾಜಿ ಸೈನಿಕನೂ ತಿಳಿದಿರತಕ್ಕದ್ದು. ಭರ್ತಿಯ ವೇಳೆಗೆ ವೈದ್ಯರು ಯಾವ ರೋಗವನ್ನೂ ದಾಖಲಿಸದೆ ಇದ್ದರೆ ಆ ಮನುಷ್ಯನು ಅಂದು ಆರೋಗ್ಯವಂತನೇ ಆಗಿದ್ದನೆಂದು ಭಾವಿಸತಕ್ಕದ್ದೆಂದೂ, ಮುಂದೆ ಆರೋಗ್ಯ ಕೆಟ್ಟು ಅವನು ಹೊರಬಿದ್ದರೆ ಅದು ಸೇವೆಯಿಂದಲ್ಲವೆಂದು ಸಿದ್ಧಪಡಿಸುವ ಭಾರವು ಸರಕಾರದ ಮೇಲಿರುವದೇ ಹೊರತು ಅವನ ಮೇಲಲ್ಲವೆಂದೂ, ಆ ರೋಗವು ಭರ್ತಿಯ ಕಾಲಕ್ಕೆ ಏಕೆ ಕಾಣಿಸಲಿಲ್ಲವೆಂಬುದಕ್ಕೆ ಬೋರ್ಡು ಕಾರಣಗಳನ್ನು ಬರೆಯಬೇಕೆಂದೂ ನ್ಯಾಯಾಲಯವು ಹೇಳಿತು. ಕಾರಣವನ್ನೇ ಬರೆಯದ ಒಂದು ಸಾಲಿನ ಅಭಿಪ್ರಾಯಕ್ಕೆ ತಲೆಬಾಗಿ ಸುಮ್ಮನಾಗುವದು, ನನ್ನ ದೃಷ್ಟಿಯಲ್ಲಿ, ಕೈಯಲ್ಲಿದ್ದ ನ್ಯಾಯವನ್ನು ಚೆಲ್ಲಿಕೊಂಡಂತೆ.

ಮತ್ತೆ, 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನ ಮೇರೆಗೆ, ಊನದ ಪ್ರಮಾಣವನ್ನು ಮೇಲಿನ ಮಟ್ಟಕ್ಕೆ ಏರಿಸಿ ಎಣಿಸುವ ಲಾಭವು, ಅವಧಿ ಮುಗಿಸಿ ನಿವೃತ್ತರಾದವರಿಗೂ ದೊರಕಿದೆ; ಶೇಕಡಾ 30ರ ಊನವನ್ನು 50 ಎಂದು ಗಣಿಸಬೇಕಾಗುವದು. ತಡವಾಯಿತೆಂದು ಹತಾಶರಾಗುವವರಿಗೂ 2008ರ ತರಸೇಮ್ ಸಿಂಗ್ ತೀರ್ಪಿನ ಆಸರೆಯುಂಟು: ಹಿಂದಿನ ಬಾಕಿಯು ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತವಾದರೂ, ಮುಂದಿನ ಪಿಂಚಣಿಯ ಬಾಗಿಲು ವಿಳಂಬವೊಂದರಿಂದಲೇ ಮುಚ್ಚುವದಿಲ್ಲ.

ವಿರೋಧ

ಆದರೆ ತೀರ್ಪುಗಳನ್ನು ಓದುವದು ಬೇರೆ, ವ್ಯಾಜ್ಯವನ್ನು ಹೊರುವದು ಬೇರೆ. ಮೊದಲನೆಯ ಮೇಲ್ಮನವಿ, ಎರಡನೆಯ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಎಂದು ಮೆಟ್ಟಿಲುಗಳು ಏರುತ್ತ ಹೋಗುವವು. 2007ರ ಕಾಯಿದೆಯಂತೆ ಹುಟ್ಟಿದ ಈ ಮಂಡಳಿಯ ಖಾಯಂ ಪೀಠವೊಂದೂ ಕರ್ನಾಟಕದಲ್ಲಿಲ್ಲದಿರುವಾಗ, ಲಕ್ಷ್ಮೇಶ್ವರದ ಪೇಟೆಗೆ ಮೆಣಸಿನಕಾಯಿ ಒಯ್ದು ಬಂದ ಹಣದಲ್ಲಿ ವರುಷ ದೂಡುವ ಕುಟುಂಬವು ವಕೀಲರ ಫೀಯನ್ನೂ ದೂರದ ಪ್ರಯಾಣವನ್ನೂ ಎಲ್ಲಿಂದ ಹೊಂದಿಸಬೇಕು? ಗೆದ್ದ ಮೇಲೂ ಸರಕಾರವೇ ಮೇಲಿನ ನ್ಯಾಯಾಲಯಕ್ಕೆ ಹೋಗುವದುಂಟು. ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡುವ ಸಲುವಾಗಿ ರಕ್ಷಣಾ ಮಂತ್ರಾಲಯವು 2015ರಲ್ಲಿ ತಜ್ಞರ ಸಮಿತಿಯನ್ನು ನೇಮಿಸಬೇಕಾಗಿ ಬಂದದ್ದು ಪರಿಸ್ಥಿತಿಯ ಗಾಂಭೀರ್ಯಕ್ಕೆ ಸಾಕ್ಷಿ.

ಎಲ್ಲ ತೀರ್ಪುಗಳೂ ಸೈನಿಕನ ಪರವಾಗಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ರಸ್ತೆ ಅಪಘಾತಕ್ಕೆ ಸಿಕ್ಕವನ ಊನಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. 2019ರಲ್ಲಿ ಮನೋರೋಗದ ಪ್ರಕರಣವೊಂದರಲ್ಲಿ ಬೋರ್ಡಿನ ಅಭಿಪ್ರಾಯವನ್ನೇ ಎತ್ತಿಹಿಡಿದಿದೆ. 2023ರ ಸೆಪ್ಟೆಂಬರಿನಿಂದ ಹೊಸ ಅರ್ಹತಾ ನಿಯಮಗಳು ಬಂದಿರುವದರಿಂದ, ಹಳೆಯ ನಿಯಮಗಳ ಮೇಲೆ ನಿಂತ ತೀರ್ಪುಗಳನ್ನು ಆಮೇಲೆ ಬಿಡುಗಡೆಯಾದವರು ಹಾಗೆಯೇ ನೆಚ್ಚಿಕೊಳ್ಳಲಾಗದು. ಮೊದಲೇ ರೋಗಿಯಾದವನು ವರ್ಷಗಟ್ಟಲೆ ಅಂಚೆಯ ದಾರಿ ಕಾಯುವ ವ್ಯಥೆಯನ್ನಂತೂ ಯಾವ ಬಾಕಿ ಹಣವೂ ತುಂಬಿಕೊಡಲಾರದು.

ವಿರೋಧಪಕ್ಷದ ಈ ಮಾತುಗಳಲ್ಲಿ ಅಸತ್ಯವಿಲ್ಲ. ಆದರೂ ಅವುಗಳ ತೂಕವೆಲ್ಲ ನ್ಯಾಯಮಂಡಳಿಯ ಮೆಟ್ಟಿಲಿನ ಮೇಲೆ ಬೀಳುವದೇ ಹೊರತು ಮೊದಲನೆಯ ಮೇಲ್ಮನವಿಯ ಮೇಲಲ್ಲ. ಅದಕ್ಕೆ ವಕೀಲನೂ ಬೇಡ, ಹೊಲ ಒತ್ತೆಯಿಡುವದೂ ಬೇಡ; ಆದ್ದರಿಂದ ಅದನ್ನು ಪ್ರತಿಯೊಬ್ಬನೂ ಹೂಡಲೇಬೇಕೆಂಬುದು ನನ್ನ ನಿಶ್ಚಿತಾಭಿಪ್ರಾಯ. ಮುಂದಿನ ಹೆಜ್ಜೆಯನ್ನು ಮಾತ್ರ ಕಾಗದಗಳನ್ನು ಕಂಡು ಇಡತಕ್ಕದ್ದು: ಭರ್ತಿಯ ದಾಖಲೆ ನಿರ್ಮಲವಾಗಿದ್ದು ಬೋರ್ಡು ಕಾರಣ ಬರೆದಿರದಿದ್ದರೆ ಹೋಗಬೇಕು, ಗಾಯವು ರಜೆಯ ಕಾಲದ ಖಾಸಗಿ ಕೆಲಸದಲ್ಲಿ ಆಗಿದ್ದರೆ ಸಾಲ ಮಾಡಿ ಹೋಗಬಾರದು. ಮನೆಯಲ್ಲಿ ಇಂಥ ಪತ್ರವಿರುವ ಓದುಗರು ಅದರ ತಾರೀಖನ್ನು ಇಂದೇ ನೋಡಿ, ಬೋರ್ಡಿನ ನಡವಳಿಯ ನಕಲನ್ನು ರೆಕಾರ್ಡ್ಸ್ ಆಫೀಸಿನಿಂದ ಬರೆದು ತರಿಸಿಕೊಂಡು, ಆರು ತಿಂಗಳು ತುಂಬುವ ಮೊದಲು ಮೇಲ್ಮನವಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಬೇಕೆಂದು ಕೇಳಿಕೊಳ್ಳುತ್ತೇನೆ.