ಮರಳಿ ಬಂದ ಯೋಧನಿಗೆ ಸ್ಥಿತೀಕರಣ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತೀಕರಣ. ಶ್ರದ್ಧೆಯಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವರನ್ನು ಧರ್ಮವತ್ಸಲರು ಪ್ರೀತಿಯಿಂದ ಮತ್ತೆ ನೆಲೆಗೊಳಿಸಬೇಕೆಂಬುದು ಇದರ ತಾತ್ಪರ್ಯ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಿರೂಪಿಸಿರುವ ಈ ಕರ್ತವ್ಯವು ಇಂದು ನಮ್ಮ ನಡುವಿನ ಮಾಜಿ ಸೈನಿಕರ ವಿಷಯದಲ್ಲಿ ವಿಶೇಷವಾಗಿ ಸ್ಮರಣೀಯ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬ್ಯಾಂಕುಗಳ ಬಾಗಿಲಲ್ಲಿ, ವಸತಿ ಸಮುಚ್ಚಯಗಳ ಮುಂದೆ ಕಾವಲು ನಿಂತ ನಿವೃತ್ತ ಯೋಧರನ್ನು ನಿತ್ಯವೂ ಕಾಣುತ್ತೇವೆ. ಅನೇಕರು ನಲವತ್ತು ತುಂಬುವ ಮೊದಲೇ ಸೇನೆಯಿಂದ ಹೊರಬಂದವರು. ಅಲ್ಲಿನ ಶಿಸ್ತು, ಒಡನಾಟ, ಗೌರವ ಎಲ್ಲವೂ ಒಂದೇ ದಿನ ಕಳಚುತ್ತವೆ. ಯುದ್ಧ ಕಂಡವರಲ್ಲಿ ಕೆಲವರಿಗೆ ನಿದ್ರೆ ಬಾರದು. ದೀಪಾವಳಿಯ ಪಟಾಕಿ ಸದ್ದಿಗೂ ಎದೆ ನಡುಗುತ್ತದೆ. ಪ್ರಾಣ ತೆಗೆದ ನೆನಪು ಮನೆಯವರೊಡನೆಯೂ ಹಂಚಿಕೊಳ್ಳಲಾಗದ ಭಾರವಾಗಿ ಉಳಿಯುತ್ತದೆ.

ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಶ್ರಾವಕನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕು. ದೇಶರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು. ಆದರೂ ಅದು ಹಿಂಸೆಯೇ. ಆದ್ದರಿಂದ ಯೋಧನ ಅಂತರಂಗದ ವೇದನೆಯನ್ನು ದೌರ್ಬಲ್ಯವೆಂದು ಹಳಿಯಬಾರದು. ಅವನೊಳಗೆ ದಯೆ ಬತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಗಂಗರ ದಂಡನಾಯಕ ಚಾವುಂಡರಾಯನು ರಣರಂಗಗಳಲ್ಲಿ ‘ಸಮರಧುರಂಧರ’, ‘ವೀರಮಾರ್ತಾಂಡ’ ಮುಂತಾದ ಬಿರುದು ಗಳಿಸಿದವನು. ಅಜಿತಸೇನಾಚಾರ್ಯರು, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಸೇನಾನಿಗೆ ಗುರುಗಳಾದರು. 978ರಲ್ಲಿ ಅವನು ‘ಚಾವುಂಡರಾಯ ಪುರಾಣ’ ಬರೆದನು. ಬಳಿಕ ಶ್ರವಣಬೆಳಗೊಳದಲ್ಲಿ ಅವನು ನಿಲ್ಲಿಸಿದ್ದು, ಗೆದ್ದ ಗಳಿಗೆಯಲ್ಲೇ ಕದನ ತೊರೆದ ಬಾಹುಬಲಿಯ ಮೂರ್ತಿಯನ್ನು. ಖಡ್ಗ ಹಿಡಿದ ಕೈಗೆ ಲೇಖನಿಯೂ ಒಲಿಯಿತು. ಜನರ ಬಾಯಲ್ಲಿ ಅವನು ‘ಅಣ್ಣ’ನಾದನು.

ಇಂದಿನ ಯೋಧನಿಗೂ ಅಂಥ ಆಸರೆ ಬೇಕು. ‘ಎಷ್ಟು ಜನರನ್ನು ಕೊಂದಿರಿ?’ ಎಂಬ ಕುತೂಹಲದ ಪ್ರಶ್ನೆಯನ್ನು ಬಿಡೋಣ. ಅವರ ಕೋಪವನ್ನೋ ಕುಡಿತವನ್ನೋ ಬೀದಿಯ ಮಾತಾಗಿಸದಿರುವುದು ಉಪಗೂಹನ. ಹಬ್ಬಕ್ಕೆ ಮನೆಗೆ ಕರೆದು, ಅವರ ಅನುಭವಕ್ಕೆ ತಕ್ಕ ಕೆಲಸ ಹುಡುಕಿಕೊಡುವುದು ವಾತ್ಸಲ್ಯ. ಬಸದಿಯಲ್ಲಿ ನಲವತ್ತೆಂಟು ನಿಮಿಷಗಳ ಸಾಮಾಯಿಕಕ್ಕೆ ಅವರೊಡನೆ ಕೂರೋಣ. ಗುರುಗಳ ಮುಂದೆ ಮುಚ್ಚುಮರೆಯಿಲ್ಲದೆ ಮನಸ್ಸು ಬಿಚ್ಚುವ ಆಲೋಚನಾ ವಿಧಿ ಅವರ ಭಾರವನ್ನು ಹಗುರಗೊಳಿಸೀತು. ನೋವು ಆಳವಾಗಿದ್ದರೆ ನಿಮ್ಹಾನ್ಸ್ ವೈದ್ಯರ ಬಳಿಗೆ ಜೊತೆಯಾಗಿ ಹೋಗೋಣ. 14416ರ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಚಿಕಿತ್ಸೆ ಪಡೆಯುವುದರಿಂದ ಶ್ರದ್ಧೆಗಾಗಲಿ ಶೌರ್ಯಕ್ಕಾಗಲಿ ಕುಂದಿಲ್ಲ.

ಗಡಿಯಲ್ಲಿ ನಮ್ಮನ್ನು ಕಾದವರು ಊರಿಗೆ ಮರಳಿದ ಮೇಲೆ ಒಂಟಿಯಾಗಬಾರದು. ಅವರನ್ನು ನೆಲೆಗೊಳಿಸುವ ಹೊಣೆ ಶ್ರಾವಕರಾದ ನಮ್ಮದು.